ಇಳಿವಯಸ್ಸಿನ ಪುರುಷರಲ್ಲಿ ದೇಹಬಲ ಮತ್ತು ಚಲನಶಕ್ತಿಯ ರಕ್ಷಣೆ

ವೃದ್ಧಾಪ್ಯವು ಮನುಷ್ಯನ ಬಾಳಿನಲ್ಲಿ ತಪ್ಪಿಸಲಾಗದ ಒಂದು ಅವಸ್ಥೆ. ಕೂದಲು ನರೆಯುವುದು, ದೃಷ್ಟಿ ಮಂದವಾಗುವುದು, ಚರ್ಮ ಸುಕ್ಕುಗಟ್ಟುವುದು ಇವೆಲ್ಲವೂ ಕಾಲಧರ್ಮವೆಂದು ಜನರು ಸಮಾಧಾನದಿಂದ ಒಪ್ಪಿಕೊಂಡಿದ್ದಾರೆ. ಪಂಕ್ತಿಯಲ್ಲಿ ನೆಲದ ಮೇಲೆ ಕುಳಿತ ಹಿರಿಯರು ಊಟವಾದ ಮೇಲೆ ಮತ್ತೊಬ್ಬರ ಕೈಯಾಸರೆಯಿಲ್ಲದೆ ಏಳಲಾರದೆ ಹೋಗುವುದು, ಬಸ್ಸಿನ ಮೆಟ್ಟಿಲನ್ನು ಕಂಡು ಹಿಂಜರಿಯುವುದು, ಬಚ್ಚಲಮನೆಗೆ ಹೋಗಲೂ ಜೊತೆಯಾಳನ್ನು ಬಯಸುವುದು ಇವನ್ನು ಕೂಡ ಅದೇ ಸಾಲಿಗೆ ಸೇರಿಸುವುದು ವಾಡಿಕೆಯಾಗಿದೆ. ಈ ವಾಡಿಕೆ ಎಷ್ಟರಮಟ್ಟಿಗೆ ಸರಿ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಕಳೆದ ನಾಲ್ಕು ದಶಕಗಳ ವೈದ್ಯಕೀಯ ಸಂಶೋಧನೆಯು ಈ ಪ್ರಶ್ನೆಗೆ ಖಚಿತವಾದ ಉತ್ತರವನ್ನೇ ಕೊಟ್ಟಿದೆ. ವಯಸ್ಸಿನಿಂದ ಬರುವ ನಿಶ್ಶಕ್ತಿ ಒಂದು ಬಗೆ. ಬಳಸದೆ ಬಿಟ್ಟುದರಿಂದ ಬರುವ ನಿಶ್ಶಕ್ತಿ ಇನ್ನೊಂದು ಬಗೆ. ಮೊದಲನೆಯದನ್ನು ನಿಧಾನಗೊಳಿಸಬಹುದು, ಎರಡನೆಯದನ್ನು ಬಹುಮಟ್ಟಿಗೆ ಹಿಂದಿರುಗಿಸಿಕೊಳ್ಳಬಹುದು.

2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಅರವತ್ತು ವರ್ಷ ದಾಟಿದವರ ಸಂಖ್ಯೆ ಸುಮಾರು 10 ಕೋಟಿ 38 ಲಕ್ಷವಿತ್ತು. ಆ ಬಳಿಕ ಅದು ಏರುತ್ತಲೇ ಬಂದಿದೆ. ಹಿರಿಯರಿಲ್ಲದ ಮನೆ ವಿರಳವಾದುದರಿಂದ ಈ ವಿಷಯವು ವೃದ್ಧರಿಗಷ್ಟೇ ಅಲ್ಲದೆ ಮನೆಯವರೆಲ್ಲರಿಗೂ ಸಂಬಂಧಿಸಿದ್ದಾಗಿದೆ.

ಸ್ನಾಯುಗಳಲ್ಲಿ ಆಗುವ ಮಾರ್ಪಾಡು

ಮನುಷ್ಯನ ಸ್ನಾಯುಗಳು ಇಪ್ಪತ್ತರಿಂದ ಮೂವತ್ತರ ಹರೆಯದಲ್ಲಿ ಪೂರ್ಣ ಪುಷ್ಟಿಯನ್ನು ಹೊಂದುತ್ತವೆ. ಮೂವತ್ತರ ನಂತರ ಪ್ರತಿ ದಶಕಕ್ಕೆ ಸರಿಸುಮಾರು ನೂರಕ್ಕೆ 3ರಿಂದ 8ರಷ್ಟು ಸ್ನಾಯುರಾಶಿಯು ಕ್ಷಯಿಸುತ್ತದೆಂದು ಅಂದಾಜು ಮಾಡಲಾಗಿದೆ. ಅರವತ್ತರ ನಂತರ ಈ ಕ್ಷಯದ ವೇಗ ಹೆಚ್ಚುತ್ತದೆ. ಗಮನಿಸಬೇಕಾದ ಸಂಗತಿಯೆಂದರೆ, ಸ್ನಾಯುವಿನ ಗಾತ್ರಕ್ಕಿಂತ ಅದರ ಬಲವು ಬೇಗ ಕುಗ್ಗುತ್ತದೆ. ಬಲಕ್ಕಿಂತಲೂ ಬೇಗ ಕುಗ್ಗುವುದು ಆ ಬಲವನ್ನು ತಟ್ಟನೆ ಪ್ರಯೋಗಿಸುವ ಚುರುಕು.

ಇದರ ಕಾರಣವನ್ನು ಅರಿಯಬೇಕಾದರೆ ಸ್ನಾಯುವಿನ ರಚನೆಯತ್ತ ನೋಡಬೇಕು. ಸ್ನಾಯುವು ಸಾವಿರಾರು ತಂತುಗಳಿಂದ ಕೂಡಿದ್ದು, ಅವುಗಳಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ನಿಧಾನವಾಗಿ ಸಂಕುಚಿಸಿ ಬಹುಕಾಲ ದಣಿಯದೆ ದುಡಿಯುವ ತಂತುಗಳು ನಿಲ್ಲುವುದಕ್ಕೂ ನಡೆಯುವುದಕ್ಕೂ ಒದಗುತ್ತವೆ. ಶೀಘ್ರವಾಗಿ ಸಂಕುಚಿಸುವ ತಂತುಗಳು ಭಾರ ಎತ್ತಲು, ಮೆಟ್ಟಿಲು ಹತ್ತಲು, ಎಡವಿದಾಗ ಕಾಲನ್ನು ಥಟ್ಟನೆ ಮುಂದಿಟ್ಟು ದೇಹವನ್ನು ಸಾವರಿಸಿಕೊಳ್ಳಲು ಬೇಕಾಗುತ್ತವೆ. ವೃದ್ಧಾಪ್ಯದಲ್ಲಿ ಹೆಚ್ಚು ಸವೆಯುವುದು ಈ ಎರಡನೆಯ ಬಗೆ.

ಪ್ರತಿಯೊಂದು ತಂತುವಿಗೂ ಬೆನ್ನುಹುರಿಯಿಂದ ಹೊರಟ ನರವೊಂದು ಆಜ್ಞೆಯನ್ನು ತಲುಪಿಸುತ್ತದೆ. ವಯಸ್ಸಾದಂತೆ ಈ ನರಕೋಶಗಳಲ್ಲಿ ಕೆಲವು ನಾಶವಾಗುತ್ತವೆ. ಆಗ ಆಸರೆ ತಪ್ಪಿದ ತಂತುಗಳಲ್ಲಿ ಕೆಲವನ್ನು ನೆರೆಯ ನರವು ಹೊಸ ಕವಲೊಡೆದು ತನ್ನ ಆಳ್ವಿಕೆಗೆ ತೆಗೆದುಕೊಳ್ಳುತ್ತದೆ. ಉಳಿದವು ಕ್ರಮೇಣ ಸೊರಗಿಹೋಗುತ್ತವೆ. ಈ ಸ್ನಾಯುಕ್ಷಯಕ್ಕೆ ಅಮೆರಿಕದ ವಿಜ್ಞಾನಿ ಇರ್ವಿನ್ ರೋಸೆನ್‌ಬರ್ಗ್ ಅವರು 1980ರ ದಶಕದ ಕೊನೆಯಲ್ಲಿ ‘ಸಾರ್ಕೊಪೀನಿಯಾ’ ಎಂಬ ಹೆಸರನ್ನು ಸೂಚಿಸಿದರು. ಗ್ರೀಕ್ ಭಾಷೆಯಲ್ಲಿ ಇದರ ಅರ್ಥ ಮಾಂಸದ ಬಡತನ ಎಂದಾಗುತ್ತದೆ. ಹೆಸರು ದೊರೆತ ಮೇಲೆ ಅದನ್ನು ಅಳೆಯುವ ಹಾಗೂ ತಡೆಯುವ ಪ್ರಯತ್ನಗಳು ವ್ಯವಸ್ಥಿತವಾಗಿ ಬೆಳೆದವು.

ಪುರುಷರ ವಿಶೇಷ ಪರಿಸ್ಥಿತಿ

ಪುರುಷರ ಸ್ನಾಯುರಾಶಿಯು ಸ್ತ್ರೀಯರಿಗಿಂತ ಅಧಿಕವಾಗಿರುವುದರಿಂದ ಅವರಲ್ಲಿ ನಷ್ಟವು ಬಹುಕಾಲ ಹೊರಗೆ ಕಾಣದೆ ಉಳಿಯುತ್ತದೆ. ತೋಳು ತೊಡೆಗಳು ತೆಳುವಾಗಿ ಹೊಟ್ಟೆಯು ಬೆಳೆದಾಗ ತೂಕವು ಮೊದಲಿನಷ್ಟೇ ಇರಬಹುದು. ತಕ್ಕಡಿಯು ಈ ಬದಲಾವಣೆಯನ್ನು ತೋರಿಸುವುದಿಲ್ಲ.

ಸ್ನಾಯು ಮತ್ತು ಮೂಳೆಗಳ ಪುಷ್ಟಿಗೆ ನೆರವಾಗುವ ಟೆಸ್ಟೋಸ್ಟಿರೋನ್ ಎಂಬ ಹಾರ್ಮೋನು ಪುರುಷರಲ್ಲಿ ನಡುವಯಸ್ಸಿನಿಂದ ಮೆಲ್ಲಮೆಲ್ಲನೆ ಇಳಿಯುತ್ತದೆ. ಇದನ್ನು ಹೊರಗಿನಿಂದ ಕೊಟ್ಟರೆ ಯೌವನದ ಬಲ ಮರಳುವುದೆಂಬ ಪ್ರಚಾರವು ಸಾಕಷ್ಟಿದೆ. ಈ ಹಾರ್ಮೋನು ಕಡಿಮೆಯಿದ್ದ, ಅರವತ್ತೈದು ದಾಟಿದ 790 ಪುರುಷರ ಮೇಲೆ ಅಮೆರಿಕದಲ್ಲಿ ನಡೆದ ಪರೀಕ್ಷೆಗಳ ಫಲಿತಾಂಶವು 2016ರಲ್ಲಿ ಪ್ರಕಟವಾಯಿತು. ನಡಿಗೆಯ ಶಕ್ತಿಯಲ್ಲಿ ನಿರೀಕ್ಷಿಸಿದ ಸುಧಾರಣೆಯು ಅದರಲ್ಲಿ ಸ್ಪಷ್ಟವಾಗಿ ಕಂಡುಬರಲಿಲ್ಲ. ಆದುದರಿಂದ ವೈದ್ಯರು ಪರೀಕ್ಷಿಸಿ ಕೊರತೆಯನ್ನು ಖಚಿತಪಡಿಸಿದ ಹೊರತು ಇಂಥ ಔಷಧಗಳ ಗೊಡವೆಗೆ ಹೋಗದಿರುವುದೇ ಲೇಸು.

ಮೂಳೆ ಸವೆತವು ಸ್ತ್ರೀಯರ ವ್ಯಾಧಿಯೆಂಬ ಭಾವನೆಯೂ ಪೂರ್ಣ ಸತ್ಯವಲ್ಲ. ಐವತ್ತು ದಾಟಿದ ಪುರುಷರಲ್ಲಿ ಸುಮಾರು ಐವರಿಗೊಬ್ಬರು ಉಳಿದ ಜೀವಿತಾವಧಿಯಲ್ಲಿ ಮೂಳೆ ಸವೆತದಿಂದಾದ ಮುರಿತಕ್ಕೆ ಒಳಗಾಗುವರೆಂದು ಅಂತರರಾಷ್ಟ್ರೀಯ ಅಂದಾಜು ಇದೆ. ಸೊಂಟದ ಮೂಳೆ ಮುರಿದವರ ಪೈಕಿ ಪುರುಷರ ಸಂಖ್ಯೆ ಕಡಿಮೆಯಿದ್ದರೂ, ಮುರಿತದ ನಂತರ ಮರಣ ಹೊಂದುವವರ ಪ್ರಮಾಣವು ಸ್ತ್ರೀಯರಿಗಿಂತ ಪುರುಷರಲ್ಲೇ ಹೆಚ್ಚು. ಬೀಡಿ, ಸಿಗರೇಟು, ಮದ್ಯಪಾನಗಳು ಮೂಳೆಯನ್ನೂ ಸ್ನಾಯುವನ್ನೂ ಒಟ್ಟಿಗೆ ಸವೆಸುತ್ತವೆ.

ಇವೆಲ್ಲಕ್ಕೂ ಸೇರಿಕೊಳ್ಳುವ ಇನ್ನೊಂದು ಕಾರಣ ನಿವೃತ್ತಿ. ನೌಕರಿಯಲ್ಲಿದ್ದಾಗ ಇದ್ದ ಓಡಾಟವು ಒಂದೇ ದಿನದಲ್ಲಿ ನಿಂತುಹೋಗುತ್ತದೆ. ಮನೆಗೆಲಸದಲ್ಲಿ ಬಗ್ಗಿ ಏಳುವ ಅಭ್ಯಾಸವಿರುವ ಗೃಹಿಣಿಗೆ ಅರವತ್ತರ ನಂತರವೂ ಆ ವ್ಯಾಯಾಮವು ತಪ್ಪುವುದಿಲ್ಲ; ಪತ್ರಿಕೆ ಹಿಡಿದು ಆರಾಮಕುರ್ಚಿಯಲ್ಲಿ ಕುಳಿತ ಯಜಮಾನರಿಗೆ ಅದು ಸುಲಭವಾಗಿ ತಪ್ಪಿಹೋಗುತ್ತದೆ. ಕುಳಿತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂಬ ಗಾದೆಯು ಹಣಕ್ಕೆ ಅನ್ವಯಿಸುವಂತೆ ದೇಹಬಲಕ್ಕೂ ಅನ್ವಯಿಸುತ್ತದೆ.

ಅತಿ ವಿಶ್ರಾಂತಿಯ ಅಪಾಯ

ವಯಸ್ಸಾದವರಿಗೆ ವಿಶ್ರಾಂತಿಯೇ ಮದ್ದೆಂಬ ನಂಬಿಕೆಯು ಪ್ರೀತಿಯಿಂದ ಹುಟ್ಟಿದುದಾದರೂ ಅಪಾಯಕಾರಿ. 1966ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ಇಪ್ಪತ್ತು ವರ್ಷ ವಯಸ್ಸಿನ ಐವರು ಆರೋಗ್ಯವಂತ ತರುಣರನ್ನು ಮೂರು ವಾರಗಳ ಕಾಲ ಹಾಸಿಗೆಯಲ್ಲೇ ಇರಿಸಿ ಪರೀಕ್ಷಿಸಲಾಯಿತು. ಅದೇ ಐವರನ್ನು ಮೂವತ್ತು ವರ್ಷಗಳ ಬಳಿಕ ಪುನಃ ಪರೀಕ್ಷಿಸಿದಾಗ ಆಶ್ಚರ್ಯಕರವಾದ ಸಂಗತಿಯೊಂದು ಹೊರಬಂದಿತು. ದೇಹವು ಆಮ್ಲಜನಕವನ್ನು ಬಳಸಿ ದುಡಿಯುವ ಸಾಮರ್ಥ್ಯವನ್ನು ಮೂವತ್ತು ವರ್ಷಗಳ ವಯೋವೃದ್ಧಿಗಿಂತ ಆ ಮೂರು ವಾರಗಳ ಶಯ್ಯಾವಾಸವೇ ಹೆಚ್ಚು ಕುಗ್ಗಿಸಿತ್ತು. ಐವತ್ತರ ವಯಸ್ಸಿನಲ್ಲಿ ಅವರಿಗೆ ಆರು ತಿಂಗಳ ತರಬೇತಿಯನ್ನು ಕೊಟ್ಟಾಗ ಕಳೆದುಹೋದ ಸಾಮರ್ಥ್ಯವು ಮರಳಿ ಬಂದಿತು.

2007ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ ಆರೋಗ್ಯವಂತರಾದ ವೃದ್ಧರು ಕೇವಲ ಹತ್ತು ದಿನ ಹಾಸಿಗೆಯಲ್ಲಿದ್ದು ಕಾಲುಗಳಿಂದಲೇ ಸುಮಾರು ಒಂದು ಕಿಲೋಗ್ರಾಂ ಮಾಂಸರಾಶಿಯನ್ನು ಕಳೆದುಕೊಂಡರು. ಜ್ವರವೋ ಶಸ್ತ್ರಚಿಕಿತ್ಸೆಯೋ ಆಗಿ ಆಸ್ಪತ್ರೆಯಿಂದ ಮರಳಿದ ಹಿರಿಯರು ರೋಗ ವಾಸಿಯಾದರೂ ಮೊದಲಿನಂತೆ ನಡೆಯಲಾರದೆ ಹೋಗುವುದರ ರಹಸ್ಯವು ಇಲ್ಲಿದೆ. ವೈದ್ಯರು ಅನುಮತಿ ನೀಡಿದ ಕೂಡಲೇ ಎದ್ದು ಕುಳಿತುಕೊಳ್ಳುವುದು, ನಿಲ್ಲುವುದು, ಕೋಣೆಯಲ್ಲಿ ನಾಲ್ಕು ಹೆಜ್ಜೆ ಇಡುವುದು ಇವು ಔಷಧದಷ್ಟೇ ಅವಶ್ಯಕ.

ತೊಂಬತ್ತರಲ್ಲಿ ಮರಳಿದ ಬಲ

ಬಹುಕಾಲದವರೆಗೆ ವೃದ್ಧರಿಗೆ ಭಾರ ಎತ್ತುವ ವ್ಯಾಯಾಮವು ನಿಷಿದ್ಧವೆಂದೇ ಭಾವಿಸಲಾಗಿತ್ತು. 1988ರಲ್ಲಿ ಅರವತ್ತರಿಂದ ಎಪ್ಪತ್ತೆರಡು ವರ್ಷ ವಯಸ್ಸಿನ ಹನ್ನೆರಡು ಪುರುಷರ ಮೇಲೆ ನಡೆದ ಅಧ್ಯಯನವೊಂದು ಈ ಭಾವನೆಯನ್ನು ಅಲುಗಿಸಿತು. ಹನ್ನೆರಡು ವಾರಗಳ ಅಭ್ಯಾಸದ ಕೊನೆಗೆ ಅವರ ಮೊಣಕಾಲನ್ನು ನೀಡುವ ಸ್ನಾಯುಗಳ ಬಲವು ಇಮ್ಮಡಿಗಿಂತ ಹೆಚ್ಚಾಗಿತ್ತು. ಸ್ನಾಯುವಿನ ಗಾತ್ರವೂ ಬೆಳೆದಿತ್ತು.

ಇದಕ್ಕಿಂತಲೂ ಪ್ರಸಿದ್ಧವಾದುದು ಬಾಸ್ಟನ್ ನಗರದ ವೃದ್ಧಾಶ್ರಯವೊಂದರಲ್ಲಿ ವೈದ್ಯೆ ಮರಿಯಾ ಫಿಯಾಟರೋನ್ ಮತ್ತು ಅವರ ಸಂಗಡಿಗರು ನಡೆಸಿ 1990ರಲ್ಲಿ ಪ್ರಕಟಿಸಿದ ಪ್ರಯೋಗ. ಅದರಲ್ಲಿ ಭಾಗವಹಿಸಿದ ಹತ್ತು ಮಂದಿಯ ಸರಾಸರಿ ವಯಸ್ಸು ತೊಂಬತ್ತು. ವಾರಕ್ಕೆ ಮೂರು ದಿನದಂತೆ ಎಂಟು ವಾರಗಳ ಕಾಲ ಅವರು ಕಾಲುಗಳಿಂದ ಭಾರ ಎತ್ತಿದರು. ಅಭ್ಯಾಸವನ್ನು ಮುಗಿಸಿದ ಒಂಬತ್ತು ಮಂದಿಯ ಕಾಲಿನ ಬಲವು ಸರಾಸರಿ ನೂರಕ್ಕೆ 174ರಷ್ಟು ವೃದ್ಧಿಸಿತು. ಇಬ್ಬರು ತಮ್ಮ ಊರುಗೋಲನ್ನು ಬಿಟ್ಟು ನಡೆದರು. ಆದರೆ ಅಭ್ಯಾಸ ನಿಲ್ಲಿಸಿದ ನಾಲ್ಕೇ ವಾರಗಳಲ್ಲಿ ಬಲವು ನೂರಕ್ಕೆ 32ರಷ್ಟು ಇಳಿಯಿತು. ತೊಂಬತ್ತರ ದೇಹವೂ ಅಭ್ಯಾಸಕ್ಕೆ ಓಗೊಡುತ್ತದೆ, ಆದರೆ ಅಭ್ಯಾಸವನ್ನು ಬಿಡುವಂತಿಲ್ಲ ಎಂಬ ಎರಡು ಪಾಠಗಳನ್ನು ಈ ಒಂದು ಪ್ರಯೋಗವೇ ಕಲಿಸಿತು.

ಅದೇ ತಂಡವು 1994ರಲ್ಲಿ ನೂರು ಮಂದಿ ಆಶ್ರಮವಾಸಿಗಳ ಮೇಲೆ ನಡೆಸಿದ ಅಧ್ಯಯನವನ್ನು ಪ್ರಕಟಿಸಿತು. ವ್ಯಾಯಾಮ ಮಾಡಿದವರ ಬಲ ಹೆಚ್ಚಿತು; ವ್ಯಾಯಾಮವಿಲ್ಲದೆ ಪೌಷ್ಟಿಕ ಪೇಯವನ್ನು ಮಾತ್ರ ಸೇವಿಸಿದವರ ಬಲ ಹೆಚ್ಚಲಿಲ್ಲ. ಡಬ್ಬಿಗಳಲ್ಲಿ ಮಾರಾಟವಾಗುವ ಪುಷ್ಟಿಚೂರ್ಣಗಳಲ್ಲೇ ಭರವಸೆ ಇಟ್ಟವರು ಇದನ್ನು ನೆನಪಿನಲ್ಲಿಡಬೇಕು.

ಬಲವನ್ನು ಅಳೆಯುವ ಬಗೆ

ದೇಹಬಲದ ಸ್ಥಿತಿಯನ್ನು ಮನೆಯಲ್ಲಿಯೇ ತಿಳಿಯಲು ಸರಳವಾದ ಕ್ರಮಗಳಿವೆ. ಗೋಡೆಗೆ ಆನಿಸಿದ, ಕೈಗಳಿಲ್ಲದ ಗಟ್ಟಿಯಾದ ಕುರ್ಚಿಯ ಮೇಲೆ ಕುಳಿತು, ತೋಳುಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ಐದು ಸಲ ಪೂರ್ತಿಯಾಗಿ ಎದ್ದು ಕುಳಿತುಕೊಳ್ಳಬೇಕು. ಇದಕ್ಕೆ 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಕಾಲ ಹಿಡಿದರೆ ಎಚ್ಚರ ವಹಿಸಬೇಕೆಂದು ಏಷ್ಯಾದ ತಜ್ಞರ ಮಂಡಳಿಯು 2019ರಲ್ಲಿ ನಿಗದಿಪಡಿಸಿತು. ಆರು ಮೀಟರು ದೂರವನ್ನು ಸಹಜ ನಡಿಗೆಯಲ್ಲಿ ಕ್ರಮಿಸಲು ಆರು ಸೆಕೆಂಡಿಗಿಂತ ಹೆಚ್ಚು ಬೇಕಾಗುವುದೂ ಅಂಥದೇ ಸೂಚನೆ. ಪುರುಷರಲ್ಲಿ ಮುಷ್ಟಿಯ ಹಿಡಿತವು 28 ಕಿಲೋಗ್ರಾಂಗಿಂತ ಕಡಿಮೆ ಇರುವುದು, ಮೀನಖಂಡದ ಸುತ್ತಳತೆಯು 34 ಸೆಂಟಿಮೀಟರಿಗಿಂತ ಕಡಿಮೆ ಇರುವುದು ಇವೂ ಆ ಮಂಡಳಿಯು ಹೇಳಿದ ಗುರುತುಗಳು. ಹಿಡಿತವನ್ನು ಅಳೆಯಲು ಉಪಕರಣ ಬೇಕು. ಸುತ್ತಳತೆಗೆ ದರ್ಜಿಯ ಟೇಪು ಸಾಕು.

ಹಿಡಿತದ ಮಹತ್ವವನ್ನು ಹದಿನೇಳು ದೇಶಗಳ ಸುಮಾರು 1 ಲಕ್ಷ 40 ಸಾವಿರ ಜನರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವು ಎತ್ತಿ ತೋರಿಸಿತು. ಭಾರತವೂ ಇದರಲ್ಲಿ ಭಾಗವಹಿಸಿತ್ತು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯು ಈ ಕಾರ್ಯದ ಕೇಂದ್ರಗಳಲ್ಲೊಂದು. ಹಿಡಿತವು ಪ್ರತಿ 5 ಕಿಲೋಗ್ರಾಂ ಕಡಿಮೆಯಾದಂತೆ ಮರಣದ ಸಂಭವವು ನೂರಕ್ಕೆ 16ರಷ್ಟು ಹೆಚ್ಚಿರುವುದು ಕಂಡುಬಂದಿತು. ಹೀಗೆಂದು ಚೆಂಡನ್ನು ಹಿಸುಕುತ್ತ ಕುಳಿತರೆ ಆಯುಷ್ಯ ಬೆಳೆಯುವುದಿಲ್ಲ. ಹಿಡಿತವು ಇಡೀ ದೇಹದ ಬಲವನ್ನು ಸೂಚಿಸುವ ಗುರುತು ಮಾತ್ರ.

ಅಭ್ಯಾಸಕ್ರಮ

ಅರವತ್ತೈದು ದಾಟಿದವರಿಗೆ ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ನೀಡಿದ ಸಲಹೆಯಲ್ಲಿ ಮೂರು ಅಂಗಗಳಿವೆ: ವಾರಕ್ಕೆ 150ರಿಂದ 300 ನಿಮಿಷಗಳ ಚುರುಕು ನಡಿಗೆ ಅಥವಾ ಅದಕ್ಕೆ ಸಮನಾದ ಚಟುವಟಿಕೆ, ವಾರಕ್ಕೆ ಕನಿಷ್ಠ ಎರಡು ದಿನ ಬಲವರ್ಧಕ ವ್ಯಾಯಾಮ, ಕನಿಷ್ಠ ಮೂರು ದಿನ ಸಮತೋಲವನ್ನು ಬೆಳೆಸುವ ಅಭ್ಯಾಸ. ಬೆಳಗಿನ ವಾಯುಸೇವನೆಗೆ ತಪ್ಪದೆ ಹೋಗುವ ಹಿರಿಯರು ನಮ್ಮಲ್ಲಿ ಅನೇಕರಿದ್ದಾರೆ. ನಡಿಗೆಯು ಹೃದಯಕ್ಕೆ ಹಿತಕರವಾದರೂ ಶೀಘ್ರ ತಂತುಗಳನ್ನು ಅಷ್ಟಾಗಿ ದುಡಿಸುವುದಿಲ್ಲವಾದ್ದರಿಂದ ಉಳಿದ ಎರಡು ಅಂಗಗಳೂ ಸೇರಿದಾಗಲೇ ಅಭ್ಯಾಸವು ಪೂರ್ಣವಾಗುತ್ತದೆ.

ಕುರ್ಚಿಯಿಂದ ಏಳುವ ಅಭ್ಯಾಸವು ಇವುಗಳಲ್ಲಿ ಮೊದಲನೆಯದು. ನಮ್ಮ ಗರಡಿಮನೆಗಳ ಬಸ್ಕಿಯು ಇಳಿವಯಸ್ಸಿಗೆ ತಾಳಿದ ರೂಪವೇ ಇದು. ಏಳುವಾಗ ಚುರುಕಾಗಿಯೂ ಕುಳಿತುಕೊಳ್ಳುವಾಗ ನಿಧಾನವಾಗಿಯೂ ಎಂಟರಿಂದ ಹನ್ನೆರಡು ಸಲ ಮಾಡಿ, ತುಸು ವಿರಮಿಸಿ, ಇನ್ನೊಮ್ಮೆ ಮಾಡಬೇಕು. ಆರಂಭದಲ್ಲಿ ಕೈಯ ಆಸರೆ ಪಡೆಯಬಹುದು. ಸುಲಭವೆನಿಸಿದಾಗ ಕುರ್ಚಿಯ ಎತ್ತರವನ್ನು ತಗ್ಗಿಸಬೇಕು ಅಥವಾ ಧಾನ್ಯ ತುಂಬಿದ ಚೀಲವನ್ನು ಎದೆಗವಚಿಕೊಳ್ಳಬೇಕು. ಕೊನೆಯ ಎರಡು ಮೂರು ಆವೃತ್ತಿಗಳು ತುಸು ಕಷ್ಟವೆನಿಸಬೇಕು. ಕಷ್ಟವೇ ಆಗದ ವ್ಯಾಯಾಮದಿಂದ ಬಲವು ಬೆಳೆಯುವುದಿಲ್ಲ.

ಎರಡನೆಯದು ದಂಡದ ಸೌಮ್ಯರೂಪ. ಗೋಡೆಯಿಂದ ಒಂದು ತೋಳಿನಳತೆಯಷ್ಟು ಈಚೆಗೆ ನಿಂತು, ಅಂಗೈಗಳನ್ನು ಗೋಡೆಗೆ ಊರಿ, ಮೊಣಕೈ ಮಡಿಸಿ ಎದೆಯನ್ನು ಗೋಡೆಯತ್ತ ತಂದು ಹಿಂದಕ್ಕೆ ತಳ್ಳಬೇಕು. ಮೂರನೆಯದಾಗಿ ಕಿಟಕಿಯ ಸರಳನ್ನು ಹಿಡಿದು ಹಿಮ್ಮಡಿಗಳನ್ನೆತ್ತಿ ತುದಿಗಾಲಲ್ಲಿ ನಿಂತು ನಿಧಾನವಾಗಿ ಇಳಿಯಬೇಕು. ನಾಲ್ಕನೆಯದು ಮೆಟ್ಟಿಲೇರುವುದು. ಸಮತೋಲಕ್ಕಾಗಿ ಕೈಗೆಟಕುವ ಆಸರೆಯ ಬಳಿ ಒಂಟಿಕಾಲಲ್ಲಿ ನಿಲ್ಲುವುದು, ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗುವಂತೆ ಗೆರೆಯ ಮೇಲೆ ನಡೆಯುವುದು ಒಳ್ಳೆಯವು. ಮಂಚದ ಪಕ್ಕದಲ್ಲಿ ನೆಲಕ್ಕೆ ಕುಳಿತು ಏಳುವುದನ್ನೂ ಮರೆಯದಂತೆ ಕಾಯ್ದುಕೊಳ್ಳಬೇಕು. ಅಕಸ್ಮಾತ್ ಬಿದ್ದಾಗ ಎದ್ದುಕೊಳ್ಳುವ ವಿದ್ಯೆ ಅದೇ.

ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಜನಿಸಿದ ಯೋಗಾಚಾರ್ಯ ಬಿ. ಕೆ. ಎಸ್. ಅಯ್ಯಂಗಾರ್ಯರು ಕುರ್ಚಿ, ಹಗ್ಗ, ಮರದ ದಿಮ್ಮಿಗಳ ಆಸರೆಯಿಂದ ವೃದ್ಧರೂ ಅಶಕ್ತರೂ ಆಸನಗಳನ್ನು ಅಭ್ಯಸಿಸುವ ಕ್ರಮವನ್ನು ಬಳಕೆಗೆ ತಂದರು. 2014ರಲ್ಲಿ ತೊಂಬತ್ತೈದನೆಯ ವಯಸ್ಸಿನಲ್ಲಿ ನಿಧನರಾದ ಅವರು ತೊಂಬತ್ತರ ನಂತರವೂ ಅಭ್ಯಾಸವನ್ನು ಮುಂದುವರಿಸಿದ್ದರು. ಆಸರೆ ಪಡೆಯುವುದು ಅವಮಾನವಲ್ಲವೆಂಬುದನ್ನು ಹಿರಿಯರು ಇದರಿಂದ ಮನಗಾಣಬಹುದು.

ವ್ಯಾಯಾಮದ ವೇಳೆ ಉಸಿರು ಬಿಗಿಹಿಡಿಯಬಾರದು; ಅದರಿಂದ ರಕ್ತದೊತ್ತಡವು ಏರುತ್ತದೆ. ಒಂದೇ ಸ್ನಾಯುವಿಗೆ ಭಾರದ ಕೆಲಸವನ್ನು ದಿನ ಬಿಟ್ಟು ದಿನ ಕೊಡಬೇಕು. ಹೃದ್ರೋಗ, ಹರ್ನಿಯಾ ಮುಂತಾದ ತೊಂದರೆಗಳಿದ್ದವರು ವೈದ್ಯರ ಸಲಹೆಯ ಮೇರೆಗೆ ಆರಂಭಿಸಬೇಕು. ಎದೆನೋವು, ಅತಿಯಾದ ಏದುಸಿರು, ತಲೆಸುತ್ತು ಕಾಣಿಸಿದರೆ ತಕ್ಷಣ ನಿಲ್ಲಿಸಬೇಕು. ಮೊಣಕಾಲಿನ ಸಂಧಿವಾತವಿದ್ದವರು ವ್ಯಾಯಾಮವನ್ನೇ ತ್ಯಜಿಸುವುದು ಸರಿಯಲ್ಲ. ತೊಡೆಯ ಸ್ನಾಯು ಬಲಿತಷ್ಟೂ ಕೀಲಿನ ನೋವು ತಗ್ಗುವ ಸಂಭವವಿದೆ.

ಆಹಾರ

ಸ್ನಾಯುವನ್ನು ಕಟ್ಟುವ ದ್ರವ್ಯವು ಸಸಾರಜನಕ. ಇದನ್ನೇ ಪ್ರೋಟೀನು ಎನ್ನುತ್ತಾರೆ. ಆರೋಗ್ಯವಂತ ವೃದ್ಧರಿಗೆ ದೇಹತೂಕದ ಪ್ರತಿ ಕಿಲೋಗ್ರಾಂಗೆ ದಿನಕ್ಕೆ 1ರಿಂದ 1.2 ಗ್ರಾಂ ಸಸಾರಜನಕ ಬೇಕೆಂದು ಅಂತರರಾಷ್ಟ್ರೀಯ ತಜ್ಞರು 2013ರಲ್ಲಿ ಶಿಫಾರಸು ಮಾಡಿದರು. 60 ಕಿಲೋಗ್ರಾಂ ತೂಕದವರಿಗೆ ಇದು 60ರಿಂದ 72 ಗ್ರಾಂ ಆಗುತ್ತದೆ. ಹಲ್ಲು ಹೋಗಿ, ರುಚಿ ಕುಂದಿ, ಅನ್ನ ಮಜ್ಜಿಗೆಯಲ್ಲೇ ತೃಪ್ತರಾಗುವ ಹಿರಿಯರಿಗೆ ಇದರ ಅರ್ಧವೂ ದೊರೆಯದಿರಬಹುದು.

ಶಾಕಾಹಾರದಲ್ಲಿಯೇ ಇದನ್ನು ಪೂರೈಸುವುದು ಸಾಧ್ಯ. 60 ಗ್ರಾಂ ತೊಗರಿಬೇಳೆಯಿಂದ 13 ಗ್ರಾಂ, ಅರ್ಧ ಲೀಟರು ಹಾಲು ಮೊಸರಿನಿಂದ 16 ಗ್ರಾಂ, 40 ಗ್ರಾಂ ಹುರುಳಿ ಅಥವಾ ಹೆಸರುಕಾಳಿನಿಂದ 9 ಗ್ರಾಂ, 30 ಗ್ರಾಂ ಶೇಂಗಾದಿಂದ 7 ಗ್ರಾಂ, 100 ಗ್ರಾಂ ಜೋಳ ಹಾಗೂ 100 ಗ್ರಾಂ ರಾಗಿಯಿಂದ 17 ಗ್ರಾಂ, ಹೀಗೆ ಸ್ಥೂಲವಾಗಿ 62 ಗ್ರಾಂ ದೊರೆಯುತ್ತದೆ. ಇದನ್ನು ಒಂದೇ ಹೊತ್ತಿಗೆ ಕೂಡಿಡದೆ ಮೂರೂ ಹೊತ್ತಿನ ಆಹಾರದಲ್ಲಿ ಹಂಚಿಕೊಳ್ಳಬೇಕು. ಅಗಿಯಲಾರದವರಿಗೆ ಕಾಳನ್ನು ಮೊಳಕೆ ಬರಿಸಿ ಬೇಯಿಸಿ ಅರೆದು ಕೊಡಬಹುದು. ಶೇಂಗಾವನ್ನು ಹಿಂಡಿಯ ರೂಪದಲ್ಲಿ ಕೊಡಬಹುದು. ಮೂತ್ರಪಿಂಡದ ರೋಗವಿದ್ದವರು ಮಾತ್ರ ವೈದ್ಯರು ಹೇಳಿದ ಮಿತಿಯಲ್ಲಿರಬೇಕು.

ಮೂಳೆಗೆ ಬೇಕಾದ ಸುಣ್ಣದ ಅಂಶವು ಹಾಲಿನಲ್ಲಿಯೂ ರಾಗಿಯಲ್ಲಿಯೂ ಹೇರಳವಾಗಿದೆ. ಬಿಸಿಲಿನ ನಾಡಾದ ಭಾರತದಲ್ಲಿಯೂ ‘ಡಿ’ ಜೀವಸತ್ವದ ಕೊರತೆ ವ್ಯಾಪಕ. ವೃದ್ಧರ ಚರ್ಮವು ಅದನ್ನು ಕಡಿಮೆ ತಯಾರಿಸುತ್ತದೆ. ಶಾಕಾಹಾರಿಗಳು ವಿಶೇಷವಾಗಿ ಗಮನಿಸಬೇಕಾದುದು ‘ಬಿ-12’ ಜೀವಸತ್ವವನ್ನು. ಇದು ಕಾಳು ಸೊಪ್ಪುಗಳಲ್ಲಿ ಇಲ್ಲ. ಹಾಲು ಮೊಸರುಗಳಲ್ಲಿ ಮಾತ್ರ ಸ್ವಲ್ಪಮಟ್ಟಿಗೆ ಇದೆ. ಮಧುಮೇಹಕ್ಕೆ ಕೊಡುವ ಮೆಟ್‌ಫಾರ್ಮಿನ್ ಗುಳಿಗೆಯನ್ನು ದೀರ್ಘಕಾಲ ಸೇವಿಸಿದಾಗ ಇದರ ಹೀರಿಕೆ ಕುಗ್ಗಬಹುದು. ಕೊರತೆಯಾದರೆ ಪಾದಗಳು ಜೋಮು ಹಿಡಿದು ಸಮತೋಲ ತಪ್ಪುತ್ತದೆ. ರಕ್ತಪರೀಕ್ಷೆಯಿಂದ ಇದನ್ನು ಪತ್ತೆಹಚ್ಚಿ ಸುಲಭವಾಗಿ ಸರಿಪಡಿಸಬಹುದು.

ಬೀಳದಂತೆ ಎಚ್ಚರಿಕೆ

ಕ್ರಮವರಿತ ವ್ಯಾಯಾಮದಿಂದ ವೃದ್ಧರು ಬೀಳುವ ಪ್ರಸಂಗಗಳು ಸುಮಾರು ನಾಲ್ಕರಲ್ಲೊಂದು ಪಾಲು ಕಡಿಮೆಯಾಗುತ್ತವೆಂದು 2019ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನಡೆಸಿದ ಪರಿಶೀಲನೆಯು ತಿಳಿಸಿತು. ಇದರೊಡನೆ ಔಷಧಗಳ ಕಡೆಗೂ ಗಮನವಿರಬೇಕು. ಪ್ರಾಸ್ಟೇಟ್ ಗ್ರಂಥಿಯು ದೊಡ್ಡದಾದ ಪುರುಷರು ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುತ್ತಾರೆ. ಅದಕ್ಕೆ ಕೊಡುವ ಕೆಲವು ಮಾತ್ರೆಗಳು, ರಕ್ತದೊತ್ತಡದ ಹಾಗೂ ನಿದ್ರೆಯ ಮಾತ್ರೆಗಳು ಎದ್ದು ನಿಂತಾಗ ಒತ್ತಡವನ್ನು ತಟ್ಟನೆ ಇಳಿಸಿಯೋ ಮಂಪರು ತರಿಸಿಯೋ ಬೀಳಿಸಬಲ್ಲವು. ಮಾತ್ರೆಯನ್ನು ತಾವಾಗಿ ನಿಲ್ಲಿಸದೆ, ಎದ್ದಾಗ ಕಣ್ಣು ಕತ್ತಲಿಡುವ ಸಂಗತಿಯನ್ನು ವೈದ್ಯರಿಗೆ ತಿಳಿಸಬೇಕು. ಹಾಸಿಗೆಯಿಂದ ಏಳುವಾಗ ಅಂಚಿನಲ್ಲಿ ಒಂದು ನಿಮಿಷ ಕುಳಿತು, ಪಾದಗಳನ್ನು ಆಡಿಸಿ, ಆಮೇಲೆ ನಿಲ್ಲಬೇಕು. ರಾತ್ರಿಯಲ್ಲಿ ಕುಳಿತೇ ಮೂತ್ರ ವಿಸರ್ಜಿಸುವುದು ಸುರಕ್ಷಿತ.

ಬಚ್ಚಲಿನ ಜಾರುವ ಕಲ್ಲು, ಮಂದವಾದ ದೀಪ, ಹೊಸ್ತಿಲ ಬಳಿ ಮಡಿಸಿಕೊಂಡ ಚಾಪೆ, ಕಾಲಿಗೆ ಸಿಲುಕುವ ಉದ್ದನೆಯ ಧೋತರ, ಸವೆದ ಹವಾಯಿ ಚಪ್ಪಲಿ ಇವೆಲ್ಲ ಸಣ್ಣ ವಸ್ತುಗಳಾದರೂ ಒಂದು ಮನೆಯ ನೆಮ್ಮದಿಯನ್ನೇ ಕೆಡಿಸಬಲ್ಲವು. ಬಚ್ಚಲಿನ ಗೋಡೆಗೆ ಹಿಡಿಕೆಯೊಂದನ್ನು ಹಾಕಿಸುವ ವೆಚ್ಚವು ಮುರಿದ ಸೊಂಟದ ಚಿಕಿತ್ಸೆಯ ವೆಚ್ಚದ ಮುಂದೆ ಏನೇನೂ ಅಲ್ಲ.

ಉಪಸಂಹಾರ

ಹಿರಿಯರು ಅಪೇಕ್ಷಿಸುವುದು ಕೇವಲ ದೀರ್ಘಾಯುಷ್ಯವನ್ನಲ್ಲ. ತಮ್ಮ ಸ್ನಾನ, ಶೌಚ, ಓಡಾಟಗಳಿಗೆ ಪರರನ್ನು ಅವಲಂಬಿಸದೆ ಬಾಳುವುದನ್ನು. ಇದು ಬಹುಮಟ್ಟಿಗೆ ತೊಡೆಯ ಬಲ, ಪಾದದ ಸ್ಥಿರತೆ, ನಿತ್ಯದ ಆಹಾರ ಇವುಗಳನ್ನು ಅವಲಂಬಿಸಿದೆ. ಮನೆಯವರು ಹಿರಿಯರ ಕೈಯಿಂದ ಎಲ್ಲ ಕೆಲಸಗಳನ್ನೂ ಕಸಿದುಕೊಳ್ಳುವುದು ಸೇವೆಯೆಂದು ತಿಳಿಯಬಾರದು. ಗಿಡಗಳಿಗೆ ನೀರೆರೆಯುವುದು, ಅಂಗಡಿಯಿಂದ ಸಾಮಾನು ತರುವುದು ಮುಂತಾದವನ್ನು ಅವರಿಗೇ ಬಿಟ್ಟು, ಅಗತ್ಯ ಬಿದ್ದಾಗ ಮಾತ್ರ ಕೈಗೂಡಿಸುವುದು ಮೇಲು.

ವಿದ್ಯಾರ್ಥಿಗಳೂ ಈ ಕಾರ್ಯದಲ್ಲಿ ಪಾಲ್ಗೊಳ್ಳಬಹುದು. ಗಡಿಯಾರ ಹಿಡಿದು ಅಜ್ಜನವರು ಐದು ಸಲ ಎದ್ದು ಕುಳಿತುಕೊಳ್ಳುವ ಕಾಲವನ್ನು ತಿಂಗಳಿಗೊಮ್ಮೆ ಗುರುತು ಹಾಕಿಡುವುದು ಹತ್ತು ವರ್ಷದ ಬಾಲಕನಿಗೂ ಸಾಧ್ಯವಾದ ಕೆಲಸ. ಆಟದ ಬಯಲಿನಲ್ಲಿ ಇಂದು ಗಳಿಸುವ ಸ್ನಾಯು ಮೂಳೆಗಳ ಪುಷ್ಟಿಯೇ ಮುಂದೆ ತಮ್ಮ ಇಳಿವಯಸ್ಸಿಗೆ ಒದಗುವ ಬಂಡವಾಳವೆಂಬುದು ಆ ಅಳತೆಯ ಜೊತೆಯಲ್ಲಿಯೇ ಅವರಿಗೆ ಮನವರಿಕೆಯಾದೀತು.